ಸುರಂಗದಿಂದ ಬಂದ ಸಾಕ್ಷಿ

ಆ ಕೋಣೆಗೆ ದಪ್ಪ ಪರದೆ ಹಾಕಿಸಿದ್ದು ನಾನೇ. ನಮ್ಮ ಕಾನೂನು ಕಾಲೇಜಿನ ಉಚಿತ ನೆರವು ಕ್ಲಿನಿಕ್ ಬೋವಿಕಾನ ಪೇಟೆಯ ಒಂದು ಹಳೆಯ ಕಟ್ಟಡದಲ್ಲಿ ನಡೆಯುತ್ತಿತ್ತು. ಮುಂದುಗಡೆ ದೊಡ್ಡ ಹಾಲ್, ಅಲ್ಲಿ ಪಿಂಚಣಿ, ರೇಷನ್ ಕಾರ್ಡ್, ಬೇಲಿ ಜಗಳ ಎಂದು ಬಂದವರ ಗದ್ದಲ. ಹಿಂದುಗಡೆ ಮುರಿದ ಕುರ್ಚಿ ತುಂಬಿಸಿಟ್ಟ ಒಂದು ಕಿರುಕೋಣೆ. ಆ ವರ್ಷ ಕಾಲೇಜಿನಲ್ಲಿ ನಾನು ಹೊಸ ಪಾಠವೊಂದನ್ನು ಹಟ ಹಿಡಿದು ಶುರುಮಾಡಿಸಿದ್ದೆ. ಭಯಂಕರವಾದದ್ದನ್ನು ಅನುಭವಿಸಿ ಬಂದ ಮನುಷ್ಯನ ಹತ್ತಿರ ವಕೀಲರು ಹೇಗೆ ಕೂರಬೇಕು, ಹೇಗೆ ಕೇಳಬೇಕು, ಯಾವಾಗ ಬಾಯಿ ಮುಚ್ಚಿಕೊಳ್ಳಬೇಕು ಎಂಬುದೇ ಆ ಪಾಠ. ನಮ್ಮ ವೃತ್ತಿಯವರಿಗೆ ಮೂರನೆಯದೇ ಎಲ್ಲಕ್ಕಿಂತ ಕಷ್ಟ.

ಪಾಠಕ್ಕೆ ತಕ್ಕ ಜಾಗ ಬೇಡವೇ? ಕಿರುಕೋಣೆಯನ್ನು ಖಾಲಿ ಮಾಡಿಸಿದೆ. ಗೋಡೆಗೆ ತಿಳಿ ಬಣ್ಣ, ಕಿಟಕಿಗೆ ಪರದೆ, ಕಣ್ಣಿಗೆ ಹೊಡೆಯದ ಮಂದ ಬೆಳಕು, ಮೆತ್ತಗಿನ ಕುರ್ಚಿ, ಒಂದು ಹೂಜಿ ನೀರು. ಹೇಳಿದ ಮಾತು ಹೊರಗೆ ಹೋಗದ ಹಾಗೆ ಗಟ್ಟಿ ಬಾಗಿಲು. ತರಬೇತಿಯಲ್ಲಿ ಹೇಳಿಕೊಟ್ಟ ಎಲ್ಲವೂ ಅಲ್ಲಿತ್ತು. ಸಹೋದ್ಯೋಗಿಗಳು ಅದಕ್ಕೆ ‘ಅಳುವ ಕೋಣೆ’ ಎಂದು ಹೆಸರಿಟ್ಟು ನಕ್ಕರು. ನಗಲಿ ಎಂದು ಸುಮ್ಮನಿದ್ದೆ, ಒಳಗೊಳಗೆ ನನಗೆ ಹೆಮ್ಮೆಯೇ ಇತ್ತು.

ಆ ಕೋಣೆಗೆ ಬಂದ ಮೊದಲ ದೊಡ್ಡ ಪ್ರಕರಣ ದೇಲಂಪಾಡಿ ಕಡೆಯದು. ನಮ್ಮಲ್ಲಿ ಗುಡ್ಡದ ಕೆಂಪು ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ಉಂಟಷ್ಟೆ. ಒಬ್ಬನೇ ಬಗ್ಗಿ ನಡೆಯುವಷ್ಟು ಜಾಗ. ಮುಂದಿನವನು ಪಿಕಾಸಿಯಲ್ಲಿ ಅಗೆಯುತ್ತಾನೆ, ಹಿಂದಿನವನು ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಸಾಗಿಸುತ್ತಾನೆ. ಅಂಥ ಒಂದು ಸುರಂಗ ಕುಸಿದು ಮುಂದಿದ್ದವನು ತೀರಿಹೋಗಿದ್ದ. ಹಿಂದಿದ್ದವನು ಸೊಂಟದವರೆಗೆ ಮಣ್ಣಿನಲ್ಲಿ ಹೂತು, ಅಗ್ನಿಶಾಮಕ ದಳದವರು ಬಂದು ಅಗೆದು ತೆಗೆಯುವವರೆಗೆ ಆ ಕತ್ತಲೆಯಲ್ಲಿ ಇದ್ದ. ಸತ್ತವನ ಹೆಂಡತಿ ಕೆಲಸಗಾರರ ಪರಿಹಾರಕ್ಕೆ ಅರ್ಜಿ ಹಾಕಬೇಕೆಂದು ನಮ್ಮಲ್ಲಿಗೆ ಬಂದಿದ್ದರು. ಇಬ್ಬರು ಶಾಲೆಗೆ ಹೋಗುವ ಮಕ್ಕಳು, ಬೀಡಿ ಕಟ್ಟುವ ಕೆಲಸ. ಜಾಗದ ಯಜಮಾನರ ಉತ್ತರ ಮಾತ್ರ ಬಹಳ ಸರಳವಾಗಿತ್ತು. ಕೆಲಸ ಹಿಂದಿನ ವಾರವೇ ಮುಗಿದಿತ್ತು, ಆ ಬೆಳಿಗ್ಗೆ ತಾನು ಅವರನ್ನು ಕರೆದೇ ಇಲ್ಲ, ಅವರಾಗಿಯೇ ಒಳಗೆ ಹೋದರೆ ಅದಕ್ಕೆ ತಾನು ಹೊಣೆಯಲ್ಲ.

ಯಜಮಾನರ ಮನೆಯವರನ್ನು ಬಿಟ್ಟರೆ, ಆ ಬೆಳಿಗ್ಗೆ ಅವರು ಕರೆದದ್ದನ್ನು ಕೇಳಿದವರು ಇಬ್ಬರೇ. ಒಬ್ಬ ಇಲ್ಲ. ಇನ್ನೊಬ್ಬ ಬಾಯಿ ಬಿಡದಿದ್ದರೆ ಆ ಹೆಂಗಸಿಗೆ ಏನೂ ಸಿಗುವುದಿಲ್ಲ. ಪ್ರಕರಣವೆಂದರೆ ಇಷ್ಟೇ.

ಬದುಕಿ ಉಳಿದವನಿಗೆ ಮೂವತ್ತರ ಆಸುಪಾಸು. ನೋಡಿದರೆ ಗಟ್ಟಿ ಆಳು. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಅವನನ್ನು ಬಹಳ ನಯವಾಗಿ ಒಳಗೆ ಕರೆದುಕೊಂಡು ಹೋದಳು. ಪಾಠದಲ್ಲಿ ಹೇಳಿದ ಹಾಗೆಯೇ ಓರೆಯಾಗಿ ಕೂತಳು, ನೀರು ಕೊಟ್ಟಳು, ಮೆಲ್ಲನೆ ಮಾತಾಡಿದಳು, ಎದ್ದು ಬಾಗಿಲು ಹಾಕಿದಳು. ನಾನು ಮೂಲೆಯಲ್ಲಿದ್ದೆ. ಬಾಗಿಲು ಹಾಕಿದ್ದೇ ತಡ, ಅವನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಹಣೆಯಲ್ಲಿ ಬೆವರು. ನನ್ನ ವಿದ್ಯಾರ್ಥಿನಿ ಅದನ್ನು ಸಂಕೋಚ ಎಂದುಕೊಂಡು ಇನ್ನೂ ಮೆಲ್ಲಗೆ, “ಹೆದರಬೇಡಿ, ಇಲ್ಲಿ ಯಾರೂ ಬರುವುದಿಲ್ಲ” ಎಂದಳು. ಅವನು ಎದ್ದ. ಚಿಲಕ ಸಿಗದೆ ಬಾಗಿಲಿಗೆ ಎರಡೂ ಕೈಯಿಂದ ಬಡಿದ. ನಾನು ಓಡಿಹೋಗಿ ತೆರೆದೆ. ಹಾಲ್‌ನಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಅವನು ರಸ್ತೆಗೆ ಇಳಿದು, ಬಂದ ಮೊದಲ ಬಸ್ಸು ಹತ್ತಿ ಹೋದ. ಆ ಬಸ್ಸು ಅವನ ಊರಿಗೆ ಹೋಗುವುದೂ ಅಲ್ಲ.

ಮಣ್ಣಿನಡಿ ಸಿಕ್ಕಿ ಬಂದವನನ್ನು ಕತ್ತಲೆ ಮಾಡಿದ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿ ಕೂರಿಸಿದ್ದೆವು. ಯಾರೂ ಬರುವುದಿಲ್ಲ ಎಂದು ಭರವಸೆ ಬೇರೆ ಕೊಟ್ಟಿದ್ದೆವು. ಕರುಣೆಯ ಪಾಠ ಓದಿದವರು ಮಾತ್ರ ಮಾಡಬಹುದಾದ ಯಡವಟ್ಟು ಇದು. ಮಾಮೂಲಿ ವಕೀಲನಾಗಿದ್ದರೆ ಗದ್ದಲದ ಹಾಲ್‌ನಲ್ಲಿ ನಿಲ್ಲಿಸಿಯೇ ಕೇಳುತ್ತಿದ್ದ, ಅದೇ ವಾಸಿಯಿತ್ತು. ವಿದ್ಯಾರ್ಥಿನಿ ಅಳುತ್ತಾ ಕೂತಳು. ಹೆಸರಿಗೆ ತಕ್ಕ ಹಾಗೆ ಕೋಣೆ ಬಳಕೆಯಾಯಿತು ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಅದೇ ದಿನ ಪರದೆ ಕಿತ್ತೆ.

ಆಮೇಲೆ ಅವನು ಫೋನ್ ತೆಗೆಯಲಿಲ್ಲ. ಸಮನ್ಸ್ ಕಳುಹಿಸಿ ಕರೆಸಬಹುದಿತ್ತು, ಕಾನೂನಿನಲ್ಲಿ ದಾರಿ ಉಂಟು. ಹಾಗೆ ಎಳೆದು ತಂದ ಸಾಕ್ಷಿ ಎದುರು ನಿಂತು ಒಂದೂ ಮಾತಾಡದಿದ್ದರೆ ಏನು ಮಾಡುವುದು? ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿಯಾಗಿರುವ ಗೆಳತಿಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ, ಅದೇ ದೊಡ್ಡದು. ಅವನು ಎಲ್ಲಿ ಆರಾಮಾಗಿ ಕೂರುತ್ತಾನೋ ಅಲ್ಲಿಗೆ ನೀನು ಹೋಗು ಎಂದಳು. ಇನ್ನೊಂದು ಮಾತೂ ಹೇಳಿದಳು. ಇಂಥ ನೆನಪು ಒಂದರ ಹಿಂದೆ ಒಂದಾಗಿ ಸಾಲಾಗಿ ಇರುವುದಿಲ್ಲವಂತೆ. ಮೊದಲಿನಿಂದ ಹೇಳು ಎಂದು ಒತ್ತಾಯಿಸಿದರೆ ಮನುಷ್ಯ ಇಲ್ಲದ್ದನ್ನು ಸೇರಿಸಿ ಜೋಡಿಸುತ್ತಾನೆ, ಇಲ್ಲವಾದರೆ ಎದ್ದು ಹೋಗುತ್ತಾನೆ.

ಸುರಂಗದ ಕೆಲಸ ಬಿಟ್ಟ ಮೇಲೆ ಅವನು ನಾಯ್ಮಾರ್ಮೂಲೆಯ ಜಂಕ್ಷನ್ನಿನಲ್ಲಿ ಹಣ್ಣಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೊಂದು ಟಾರ್ಪಾಲು. ಸುತ್ತಲೂ ಬಯಲು, ಬಸ್ಸು, ಹಾರ್ನ್, ಧೂಳು. ಅವನು ಆ ಕೆಲಸ ಯಾಕೆ ಹಿಡಿದಿದ್ದಾನೆಂದು ನೋಡಿದ ಕೂಡಲೇ ಗೊತ್ತಾಯಿತು. ನಾವಿಬ್ಬರೂ, ನಾನು ಮತ್ತು ಆ ವಿದ್ಯಾರ್ಥಿನಿ, ಕಿತ್ತಳೆ ಕೊಂಡೆವು. ಕೋಣೆಯ ವಿಷಯಕ್ಕೆ ತಪ್ಪಾಯಿತು ಎಂದೆವು. ಕೇಸಿನ ಮಾತು ಎತ್ತಲಿಲ್ಲ. ಮರುವಾರ ಪುನಃ ಹೋದೆವು. ನಮ್ಮ ಮನೆಯಲ್ಲಿ ಕಿತ್ತಳೆ ತಿಂದು ತಿಂದು ಎಲ್ಲರಿಗೂ ಸಾಕಾಯಿತು.

ಅವನು ಮಾತಾಡಿದ್ದು ಅಲ್ಲಿ, ತಕ್ಕಡಿಯ ಪಕ್ಕದ ಸ್ಟೂಲಿನಲ್ಲಿ ಕೂತು. ಪೊಲೀಸರಿಗೆ ಹೇಳಿದ್ದಾಗಿತ್ತು, ಆಸ್ಪತ್ರೆಯಲ್ಲಿ, ಅಗ್ನಿಶಾಮಕದವರಿಗೆ, ವಿಲ್ಲೇಜ್ ಆಫೀಸಿನಲ್ಲಿ, ಟಿವಿಯವರಿಗೆ ಹೇಳಿದ್ದಾಗಿತ್ತು. ಎಲ್ಲರೂ ಮೊದಲಿನಿಂದ ಹೇಳು ಎಂದವರೇ. ಒಳಗೆ ಎಷ್ಟು ಹೊತ್ತು ಇದ್ದೆ ಎಂದು ಒಬ್ಬರಿಗೆ ಒಂದು ಹೇಳಿದ್ದ, ಇನ್ನೊಬ್ಬರಿಗೆ ಇನ್ನೊಂದು. ಒಬ್ಬ ಅಧಿಕಾರಿ ಸುಳ್ಳು ಹೇಳ್ತೀಯಾ ಎಂದು ಗದರಿದ್ದನಂತೆ.

“ಅಣ್ಣನ ಸ್ವರ ಕೇಳ್ತಾ ಇತ್ತು ಮೇಡಂ. ಮಣ್ಣಿನ ಆಚೆ. ಮತ್ತೆ ಕೇಳಲಿಲ್ಲ. ಅದನ್ನು ಪುನಃ ಪುನಃ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಇಷ್ಟು ಹೇಳಿ ಅವನು ಯಾರಿಗೋ ಬಾಳೆಹಣ್ಣು ತೂಗಲು ಎದ್ದ. ಅಣ್ಣ ಎಂದರೆ ಒಡಹುಟ್ಟಿದವನಲ್ಲ, ಕೆಲಸ ಕಲಿಸಿ ಜೊತೆಗಿಟ್ಟುಕೊಂಡಿದ್ದವನು. ಅವನು ತೀರಿಹೋದ ಮೇಲೆ ಇವನು ಆ ಮನೆಯ ಕಡೆಗೆ ತಲೆ ಹಾಕಿರಲಿಲ್ಲ. ಉತ್ತರಕ್ರಿಯೆಯ ಬೊಜ್ಜಕ್ಕೂ ಹೋಗಿರಲಿಲ್ಲ. ಅಣ್ಣನ ಹೆಂಡತಿ, ಅವನು ಅಕ್ಕ ಎನ್ನುವವರು, ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ.

ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇವನು ಒಳಗಿನದ್ದನ್ನು ಹೇಳಲೇಬೇಕೇ ಎಂಬ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಮನೆಗೆ ಹೋಗಿ ಯಜಮಾನರು ಸಲ್ಲಿಸಿದ್ದ ಉತ್ತರ ತೆಗೆದು ಮತ್ತೊಮ್ಮೆ ಓದಿದೆ. ಸುರಂಗ ಕುಸಿದದ್ದನ್ನು ಅವರು ಎಲ್ಲೂ ಅಲ್ಲಗಳೆದಿರಲಿಲ್ಲ. ಸಾವು ಹೇಗಾಯಿತು ಎಂಬುದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಇತ್ತು, ಅಗ್ನಿಶಾಮಕ ದಳದ ವರದಿ ಇತ್ತು. ತಕರಾರು ಇದ್ದದ್ದು ಒಂದೇ: ಆ ಬೆಳಿಗ್ಗೆ ಕೆಲಸಕ್ಕೆ ಹೇಳಿದ್ದು ಹೌದೋ ಅಲ್ಲವೋ. ಅದು ನಡೆದದ್ದು ಸುರಂಗದ ಬಾಯಿಯ ಹೊರಗೆ, ಅಂಗಳದ ಬೆಳಕಿನಲ್ಲಿ. ಹಾಗಾದರೆ ನಾವೆಲ್ಲ ಆ ಮನುಷ್ಯನನ್ನು ಪದೇ ಪದೇ ಒಳಗೆ ಅಟ್ಟುತ್ತಿದ್ದುದು ಯಾಕೆ? ಕಥೆ ಅಲ್ಲಿತ್ತು, ಅದಕ್ಕೆ. ಕೇಸಿಗೆ ಬೇಕೆಂದಲ್ಲ, ನಮಗೆ ಕೇಳಬೇಕೆಂದು. ನನಗೆ ನಾಚಿಕೆಯಾಯಿತು. ಜೊತೆಗೆ ದಾರಿಯೂ ಕಂಡಿತು.

ಮರುದಿನ ಕ್ಲಾಸಿನಲ್ಲಿ ತೀರ್ಮಾನ ಹೇಳಿದೆ. ಸುರಂಗದ ಒಳಗಿನದ್ದು ಒಂದನ್ನೂ ನಾವು ಕೇಳುವುದಿಲ್ಲ. ವಿದ್ಯಾರ್ಥಿಗಳಿಗೆ ಹಿಡಿಸಲಿಲ್ಲ. ಅವನ ಸಂಕಟ ಕೇಳಿದರೆ ಪರಿಹಾರದ ಅರ್ಜಿ ತೀರ್ಮಾನಿಸುವ ಆಯುಕ್ತರ ಮನಸ್ಸು ಕರಗುತ್ತದೆ, ಅದನ್ನು ಬಿಟ್ಟರೆ ನಮ್ಮ ಕೈಯಲ್ಲಿ ಉಳಿಯುವುದು ಏನು ಎಂದು ಒಬ್ಬ ವಾದಿಸಿದ. ತಪ್ಪು ಮಾತೇನಲ್ಲ. ಕಣ್ಣೀರು ಬಹಳ ಕೇಸು ಗೆಲ್ಲಿಸಿದೆ. ಆದರೆ ಈ ಕಣ್ಣೀರು ಅವನದ್ದು, ಖರ್ಚು ಮಾಡುವ ಅಧಿಕಾರ ನಮಗಿಲ್ಲ ಎಂದೆ. ಅಂದಿನಿಂದ ನಮ್ಮ ಕ್ಲಿನಿಕ್ಕಿನಲ್ಲಿ ಒಂದು ಕ್ರಮ ಮಾಡಿದೆವು. ಯಾರ ಹತ್ತಿರವೇ ಆಗಲಿ ಮಾತಿಗೆ ಕೂರುವ ಮೊದಲು, ಯಾವುದನ್ನು ಕೇಳಬೇಕಾಗಿಲ್ಲ ಎಂಬುದನ್ನು ವಿದ್ಯಾರ್ಥಿ ಬಂದು ನನಗೆ ಹೇಳಬೇಕು.

ಸತ್ತವನ ಹೆಂಡತಿಗೂ ಹೇಳಬೇಕಿತ್ತು. ಕೇಸು ಅವರದ್ದು. ಕ್ಲಿನಿಕ್ಕಿನ ಜಗಲಿಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸೆರಗಿನ ತುದಿ ಸುತ್ತುತ್ತಾ ಕೇಳಿದರು.

“ಹಾಗಾದ್ರೆ ಅವರಿಗೆ ಕೊನೆಗೆ ಎಂತ ಆಯ್ತು ಅಂತ ನನಗೆ ಗೊತ್ತಾಗುದೇ ಇಲ್ವಾ ಮೇಡಂ?”

ಹಿಯರಿಂಗಿನಲ್ಲಿ ಗೊತ್ತಾಗುವುದಿಲ್ಲ ಎಂದೆ. ಅವರು ಅಲ್ಲಿಗೆ ಬಂದದ್ದರಲ್ಲಿ ಅರ್ಧ ಆಸೆ ಅದೇ ಆಗಿತ್ತೆಂದು ನನಗೆ ಹೊಳೆದದ್ದು ಆಗ. ಅವರು, ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದು ಎದ್ದು ಹೋದರು. ಆ ಒಪ್ಪಿಗೆ ನನ್ನನ್ನು ಬಹಳ ದಿನ ಚುಚ್ಚಿತು.

ಇನ್ನು ಎದುರಾಳಿ ವಕೀಲರು. ನನಗಿಂತ ಬಹಳ ಮುಂಚೆ ಕರಿಕೋಟು ಹಾಕಿದವರು, ಸಜ್ಜನರು, ಪಾಟೀಸವಾಲಿನಲ್ಲಿ ಮಾತ್ರ ಹುಲಿ. ಕುಸಿತವೂ ಸಾವೂ ತಕರಾರಿಲ್ಲದ ವಿಷಯ ಎಂದು ಒಪ್ಪಿಕೊಂಡುಬಿಡಿ, ಆಗ ಆ ಬಗ್ಗೆ ಸಾಕ್ಷಿಯನ್ನು ಕೇಳುವ ಅಗತ್ಯವಿಲ್ಲ ಎಂದು ನೋಟೀಸು ಕೊಟ್ಟೆ. ಬಾರ್ ಅಸೋಸಿಯೇಷನ್ನಿನ ಜಗಲಿಯಲ್ಲಿ ಸಿಕ್ಕಿದಾಗ ಅವರು ನಕ್ಕರು.

“ಎಂತ ಮಾರಾಯ್ರೇ, ಸಾಕ್ಷಿಯನ್ನು ಹತ್ತಿಯಲ್ಲಿ ಸುತ್ತಿ ತರ್ತೀರಾ?”

ಅವರ ಲೆಕ್ಕಾಚಾರ ನನಗೆ ಗೊತ್ತಿತ್ತು. ಒಳಗೆ ಎಷ್ಟು ಹೊತ್ತು ಇದ್ದೆ ಎಂಬುದಕ್ಕೆ ಅವನು ಒಂದೊಂದು ಕಡೆ ಒಂದೊಂದು ಹೇಳಿದ್ದಾನೆ. ಅಲ್ಲಿ ಅಲುಗಾಡಿಸಿದರೆ, ಇವನ ನೆನಪನ್ನೇ ನಂಬುವಂತಿಲ್ಲ ಎನ್ನಬಹುದು. ನಾವೆಲ್ಲ ಕಲಿತ ವಿದ್ಯೆ ಅದು, ನಾನೂ ಕಲಿಸಿದ್ದೇನೆ. ಅವರು ಕುಸಿತವನ್ನೂ ಸಾವನ್ನೂ ಬರೆದು ಒಪ್ಪಿಕೊಂಡರು, ಪ್ರಶ್ನೆ ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆಯುಕ್ತರಿಗೆ ಅರ್ಜಿ ಹಾಕಿದೆ. ಯಾವ ಪ್ರಶ್ನೆಯನ್ನೂ ಮೊದಲೇ ತಡೆಯಲು ಬರುವುದಿಲ್ಲ, ಬಂದಾಗ ನೋಡೋಣ ಎಂದರು. ಆದರೆ ಮೂರು ಮಾತು ಒಪ್ಪಿದರು. ಸಾಕ್ಷಿ ಕೂತು ಹೇಳಬಹುದು, ಅಲ್ಲಿಯ ವ್ಯವಹಾರ ಮಲಯಾಳದಲ್ಲಾದರೂ ಕನ್ನಡದಲ್ಲಿ ಹೇಳಬಹುದು, ಬೇಕೆನಿಸಿದಾಗ ಕೈ ಎತ್ತಿ ಸ್ವಲ್ಪ ಬಿಡುವು ಕೇಳಬಹುದು. ಬಾಗಿಲು ತೆರೆದಿಡಬೇಕೆಂದು ನಾನು ಕೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಯಾಕೆ ಎಂದರು. ಹೇಳಿದೆ. ಅವರು ಅಟೆಂಡರಿಗೆ ಸೂಚನೆ ಕೊಟ್ಟರು.

ಹಿಯರಿಂಗ್ ಇಲ್ಲದ ಒಂದು ದಿನ ಅವನನ್ನು ಕರೆದುಕೊಂಡು ಹೋಗಿ ಆಯುಕ್ತರು ಕೂರುವ ಕೋಣೆ ತೋರಿಸಿದೆವು. ಅವನು ಮೊದಲು ನೋಡಿದ್ದು ತಲೆಯ ಮೇಲಿನ ಮಾಡನ್ನು. ಆಮೇಲೆ ಬಾಗಿಲಿನಿಂದ ಸಾಕ್ಷಿಯ ಕುರ್ಚಿಯವರೆಗೆ ನಡೆದು, ಪುನಃ ಬಾಗಿಲಿಗೆ ನಡೆದು ನೋಡಿದ. ಕುರ್ಚಿಯಲ್ಲಿ ಕೂತರೆ ಬಾಗಿಲು ಬೆನ್ನಿಗೆ ಬರುತ್ತಿತ್ತು. ಕುರ್ಚಿಯನ್ನು ತಿರುಗಿಸಿದೆವು. ನಾನು ಕೇಳುವ ಪ್ರಶ್ನೆಗಳನ್ನೆಲ್ಲ ಅಲ್ಲೇ ಹೇಳಿದೆ, ಉತ್ತರ ಏನು ಹೇಳಬೇಕೆಂದು ಹೇಳಲಿಲ್ಲ. ಎದುರಿನವರು ಒಳಗಿನದ್ದನ್ನು ಕೇಳಿಯಾರು, ತಡೆಯುವ ಗ್ಯಾರಂಟಿ ನನ್ನಲ್ಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಬರುವುದಿಲ್ಲ ಎನ್ನುವ ಹಕ್ಕು ನಿಮಗುಂಟು, ಆಗ ನಾನು ಸಮನ್ಸ್ ಕೇಳುವುದಿಲ್ಲ ಎಂದೆ. ವಿದ್ಯಾರ್ಥಿನಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಅವನು ಬಾಗಿಲ ಬಳಿಯೇ ನಿಂತು ಯೋಚಿಸಿ, ಬರ್ತೇನೆ ಎಂದ.

ಬಂದ. ಆ ದಿನ ಸೆಖೆಯೆಂದರೆ ಸೆಖೆ. ಬಾಗಿಲು ತೆರೆದಿಟ್ಟದ್ದರಿಂದ ಎ.ಸಿ. ಹಾಕುವಂತಿರಲಿಲ್ಲ. ಹಿರಿಯ ವಕೀಲರು ಕೋಟಿನೊಳಗೆ ನೆನೆದುಹೋಗಿ ನನ್ನನ್ನು ಮನಸ್ಸಿನಲ್ಲಿ ಎಷ್ಟು ಬೈದರೋ. ಸತ್ತವನ ಹೆಂಡತಿ ಹಿಂದಿನ ಬೆಂಚಿನಲ್ಲಿದ್ದರು. ಅವನು ಅವರ ಕಡೆ ನೋಡಲಿಲ್ಲ.

ನನ್ನ ಪ್ರಶ್ನೆಗಳು ಬೇಗ ಮುಗಿದವು. ಆ ಬೆಳಿಗ್ಗೆ ಯಾರ ಜಾಗಕ್ಕೆ ಹೋದದ್ದು, ಯಾರು ಕರೆದದ್ದು, ಅಂಗಳದಲ್ಲಿ ಯಾರಿದ್ದರು, ಅವರು ಏನು ಹೇಳಿದರು. ಅವನು ಬಾಗಿಲಿನ ಆಚೆಯ ಬೆಳಕನ್ನು ನೋಡುತ್ತಾ ಒಂದೊಂದಕ್ಕೂ ಉತ್ತರ ಕೊಟ್ಟ. ಯಜಮಾನರು ಜಗಲಿಯಲ್ಲಿ ನಿಂತು, ಇನ್ನು ಸ್ವಲ್ಪ ಒಳಗೆ ಹೋದರೆ ನೀರು ಸಿಗ್ತದೆ, ಇವತ್ತೇ ನೋಡಿ ಎಂದಿದ್ದರು. ಅವರ ಮನೆಯವರು ಚಹಾ ಕೊಟ್ಟಿದ್ದರು. ಅಲ್ಲಿಗೆ ನಾನು ಸಾಕು ಎಂದು ಕೂತೆ. ಅಷ್ಟು ಬೇಗ ಕೂತದ್ದು ನನ್ನ ಇಡೀ ವೃತ್ತಿಯಲ್ಲಿ ಅದೇ ಮೊದಲು.

ಹಿರಿಯರು ಎದ್ದರು. ಮೊದಮೊದಲು ಮೆತ್ತಗೆ. ಬೇರೆ ದಿನದ ಮಾತನ್ನು ಈ ದಿನಕ್ಕೆ ಸೇರಿಸಿ ಹೇಳುತ್ತಿದ್ದೀಯಲ್ಲವೇ, ತಲೆಗೆ ಪೆಟ್ಟಾಗಿತ್ತಲ್ಲವೇ, ಆಸ್ಪತ್ರೆಯಲ್ಲಿ ನೀನು ಯಾರೆಂದು ಹೇಳಲೂ ಹೊತ್ತು ಹಿಡಿಯಿತಲ್ಲವೇ. ಅವನು ಕೆಲವಕ್ಕೆ ಹೌದು, ಕೆಲವಕ್ಕೆ ಅಲ್ಲ ಎಂದ. ಆಮೇಲೆ ಆ ಪ್ರಶ್ನೆ ಬಂತು. ಸುರಂಗದೊಳಗೆ ಎಷ್ಟು ಹೊತ್ತು ಇದ್ದೆ? ಪೊಲೀಸರಿಗೆ ಒಂದು ಹೇಳಿದ್ದೀಯ, ಆಸ್ಪತ್ರೆಯಲ್ಲಿ ಇನ್ನೊಂದು. ಯಾವುದು ಸುಳ್ಳು?

ನಾನು ಆಕ್ಷೇಪ ಎನ್ನುತ್ತಾ ಎದ್ದೆ. ಅಷ್ಟರಲ್ಲಿ ಅವನು ಕೈ ಎತ್ತಿದ್ದ. ಆಯುಕ್ತರು ತಲೆಯಾಡಿಸಿದರು. ಅವನು ಎದ್ದು, ತೆರೆದ ಬಾಗಿಲಿನಿಂದ ನೇರವಾಗಿ ಹೊರಗೆ ನಡೆದ. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ದೂರವಾಗಿ, ಮೆಟ್ಟಿಲು ಇಳಿದು, ನಿಂತುಹೋಯಿತು.

ವಿದ್ಯಾರ್ಥಿನಿ ಅರ್ಧ ಎದ್ದು ನಾನು ಹೋಗಿ ಕರೆದುಕೊಂಡು ಬರಲಾ ಎಂದು ಪಿಸುಗುಟ್ಟಿದಳು. ಬೇಡ ಎಂದೆ. ಹೋಗಿ ಕೈ ಹಿಡಿದರೆ ಅವನು ಬಂದಾನು. ಆದರೆ ಹಾಗೆ ಬಂದರೆ ನಮಗೋಸ್ಕರ ಬಂದ ಹಾಗಾಗುತ್ತದೆ. ಹಿರಿಯ ವಕೀಲರು ಗಡಿಯಾರ ನೋಡಿದರು. ಆಯುಕ್ತರು ಬೇರೊಂದು ಕಡತ ತಿರುವಿ ಹಾಕುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಆ ಹೆಂಗಸು ಅಲ್ಲಾಡದೆ ಕೂತಿದ್ದರು. ಅವನು ಬಸ್ಸು ಹತ್ತಿ ಹೋದನೆಂದರೆ ಅವರ ಮಕ್ಕಳ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ? ಆದರೂ ಕುರ್ಚಿ ಬಿಡಲಿಲ್ಲ.

ಆಯುಕ್ತರು ಇನ್ನು ಕಾಯುವಂತಿಲ್ಲ ಎನ್ನಲು ಬಾಯಿ ತೆರೆದಾಗ ಬಾಗಿಲಲ್ಲಿ ನೆರಳು ಬಿತ್ತು. ಮುಖ ತೊಳೆದುಕೊಂಡು ಬಂದಿದ್ದ, ಅಂಗಿಯ ಕಾಲರು ಒದ್ದೆಯಾಗಿತ್ತು. ಯಾರೂ ಹೇಳದೆ ಕುರ್ಚಿಯಲ್ಲಿ ಕೂತ. ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕೇ ಎಂದು ಗುಮಾಸ್ತ ಕೇಳಿದ. ಬೇಡ ಎಂದ.

“ಒಳಗೆ ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ ಸಾರ್. ಎಲ್ಲರೂ ಹೇಳು ಹೇಳು ಅಂತ ಕೇಳಿದ್ದಕ್ಕೆ ಎಂತಾದರೂ ಒಂದು ಹೇಳಿದ್ದು. ಅಲ್ಲಿ ಹೊತ್ತು ಗೊತ್ತಾಗುದಿಲ್ಲ. ಯಜಮಾನರು ನಮ್ಮತ್ರ ಒಳಗೆ ಹೋಗಿ ಅಂತ ಹೇಳಿದ್ದು ಹೊರಗೆ. ಅಂಗಳದಲ್ಲಿ ಬೆಳಕು ಇತ್ತು. ಅದು ಗೊತ್ತುಂಟು.”

ಗುಮಾಸ್ತ ಅದನ್ನು ಬರೆದುಕೊಂಡ. ಹಿರಿಯರು ತಮ್ಮ ಕಾಗದಗಳನ್ನು ನೋಡಿದರು, ಇನ್ನೊಂದೆರಡು ಪ್ರಶ್ನೆ ಕೇಳಿದರು, ಸಾಕು ಎಂದು ಕೂತರು. ಹೊರಗೆ ಬರುವಾಗ ಅವರು ನನ್ನ ಪಕ್ಕದಲ್ಲೇ ನಡೆದು, ಬೆವರು ಒರೆಸಿಕೊಳ್ಳುತ್ತಾ, ಮುಂದಿನ ಸಲ ಚಳಿಗಾಲದಲ್ಲಿ ಕೇಸು ಹಾಕಿ ಎಂದರು. ನಕ್ಕೆವು. ಆದೇಶ ಬರಲು ಕೆಲವು ತಿಂಗಳು ಹಿಡಿಯಿತು. ಸುರಂಗಕ್ಕೆ ಹೋದ ಇಬ್ಬರೂ ಆ ಬೆಳಿಗ್ಗೆ ಯಜಮಾನರ ಕೆಲಸದಲ್ಲೇ ಇದ್ದರು ಎಂದು ಒಪ್ಪಿ ಆಯುಕ್ತರು ಪರಿಹಾರಕ್ಕೆ ಆದೇಶಿಸಿದರು. ಅದಕ್ಕೆ ಆಧಾರವೆಂದು ಆದೇಶದಲ್ಲಿ ಎತ್ತಿ ಬರೆದದ್ದು ಅವನ ಆ ಉತ್ತರವನ್ನೇ.

ಆದರೆ ನನಗೆ ಆ ಕೇಸು ಮುಗಿದದ್ದು ಸಾಕ್ಷಿಯ ದಿನವೇ, ಕಟ್ಟಡದ ಮೆಟ್ಟಿಲಿನ ಹತ್ತಿರ. ಅವನು ಒಂದು ಮರದಡಿ ನಿಂತಿದ್ದ. ನಮ್ಮನ್ನು ದಾಟಿ ಆ ಹೆಂಗಸು ನೇರವಾಗಿ ಅವನ ಬಳಿಗೆ ಹೋದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಸಾವಿನ ನಂತರ ಅವರಿಬ್ಬರು ಎದುರುಬದುರಾಗಿ ನಿಂತದ್ದು ಅದೇ ಮೊದಲು.

“ನಿನ್ನತ್ರ ನಾನು ಎಂತದೂ ಕೇಳುದಿಲ್ಲ ತಮ್ಮ. ಮನೆಗೆ ಬಾ. ಮಕ್ಕಳು ನಿನ್ನನ್ನು ಕೇಳ್ತಾ ಇರ್ತಾರೆ.”

ಅವನು ನೆಲದಿಂದ ಮುಖ ಎತ್ತಿ ಅವರನ್ನೇ ನೋಡಿ ಹೇಳಿದ.

“ಹೇಳ್ತೇನೆ ಅಕ್ಕ. ನಿಮಗೆ ಹೇಳ್ತೇನೆ. ಇವತ್ತಲ್ಲ.”

ವಿದ್ಯಾರ್ಥಿನಿ ನನ್ನ ಪಕ್ಕದಲ್ಲಿ ಕಣ್ಣೊರೆಸಿಕೊಂಡಳು. ನಾವಿಬ್ಬರೂ ಮೆಲ್ಲನೆ ಗೇಟಿನ ಕಡೆಗೆ ತಿರುಗಿ ನಡೆದೆವು. ಬಸ್ ಸ್ಟಾಪಿನಲ್ಲಿ ದೇಲಂಪಾಡಿ ಕಡೆಯ ಬಸ್ಸು ಬಂದಾಗ ಅವರು ಹತ್ತಿದರು, ಹಿಂದಿನಿಂದ ಅವನೂ ಹತ್ತಿದ.

ತಿಂಗಳುಗಳ ಮೇಲೆ ಆ ಹೆಂಗಸು ಆದೇಶದ ಪ್ರತಿ ಪಡೆಯಲು ಕ್ಲಿನಿಕ್ಕಿಗೆ ಬಂದಿದ್ದರು. ಅವನು ಈಗ ಭಾನುವಾರ ಭಾನುವಾರ ಮನೆಗೆ ಬರುತ್ತಾನೆಂದು ಹೇಳಿದರು. ಮಣ್ಣಿನ ಆಚೆಯಿಂದ ಕೇಳಿದ್ದು ಏನೆಂದು ಅವನು ಅವರಿಗೆ ಹೇಳಿದನೋ ಇಲ್ಲವೋ, ಗೊತ್ತಿಲ್ಲ. ನಾನು ಕೇಳಲಿಲ್ಲ.